ಕೂಸು ಬೆಳೆಸುವ ಮನೆಗಳಿಗೂ ಮಂಡಳಿಯ ಅನುದಾನದಲ್ಲಿ ಪಾಲಿರಲಿ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ,
ಕಲಬುರಗಿ.

ವಿಷಯ: ಮೂರು ವರ್ಷದೊಳಗಿನ ಮಕ್ಕಳಿರುವ ಕುಟುಂಬಗಳಿಗೆ ಪಾಲನಾ ಬೆಂಬಲ ಕಾರ್ಯಕ್ರಮವನ್ನು ಯಾದಗಿರಿ ಜಿಲ್ಲೆಯಿಂದ ಆರಂಭಿಸುವ ಕುರಿತು.

ಮಾನ್ಯರೇ,

ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾದ ದಿನ ನಮ್ಮ ಭಾಗದವರು ಜಿಲ್ಲಾವಾರು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ರೂಢಿಯಾಗಿಬಿಟ್ಟಿದೆ. 2024ರಲ್ಲಿ ಶೇ 50.59ರಷ್ಟು ಫಲಿತಾಂಶದೊಂದಿಗೆ ಯಾದಗಿರಿ ಕೊನೆಯ ಸ್ಥಾನದಲ್ಲಿತ್ತು. 2025ರ ಮೊದಲ ಪರೀಕ್ಷೆಯಲ್ಲಿ ಶೇ 42.43ರೊಂದಿಗೆ ಆ ಸ್ಥಾನ ಕಲಬುರಗಿಗೆ ಬಂತು. ಆಮೇಲಿನ ಒಂದೆರಡು ವಾರ ಶಿಕ್ಷಕರ ಖಾಲಿ ಹುದ್ದೆ, ವಿಶೇಷ ತರಗತಿ, ಪರೀಕ್ಷಾ ಕೇಂದ್ರದ ಕ್ಯಾಮೆರಾ ಇವುಗಳ ಸುತ್ತ ಸಭೆಗಳು ನಡೆಯುತ್ತವೆ, ಮುಖ್ಯ ಶಿಕ್ಷಕರಿಗೆ ನೋಟಿಸುಗಳು ಹೋಗುತ್ತವೆ. ಆ ಚರ್ಚೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಹದಿನಾರನೆಯ ವಯಸ್ಸಿನಲ್ಲಿ ಅನುತ್ತೀರ್ಣರಾದ ಈ ಮಕ್ಕಳು ಒಂದೂವರೆ ವರ್ಷದವರಿದ್ದಾಗ ಮನೆಯಲ್ಲಿ ಅವರೊಂದಿಗೆ ಯಾರು ಮಾತನಾಡುತ್ತಿದ್ದರು, ಯಾರು ಆಡುತ್ತಿದ್ದರು, ಅವರನ್ನು ನೋಡಿಕೊಳ್ಳುತ್ತಿದ್ದವರಿಗೆ ಯಾರಿಂದ ಯಾವ ನೆರವು ಸಿಕ್ಕಿತ್ತು ಎಂಬ ಪ್ರಶ್ನೆ ಇಂಥ ಸಭೆಗಳ ನಡಾವಳಿಯಲ್ಲಿ ನನಗೆ ಕಂಡಿಲ್ಲ. ಆ ಪ್ರಶ್ನೆಯನ್ನು ತಮ್ಮ ಮಂಡಳಿಯ ಮುಂದಿಡುವುದಕ್ಕಾಗಿಯೇ ಈ ಪತ್ರ.

ನಾನು ಯಾದಗಿರಿ ಜಿಲ್ಲೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಶಹಾಪುರ, ಸುರಪುರ ಕಡೆಯ ಊರು, ತಾಂಡಾ, ದೊಡ್ಡಿಗಳ ಕೇಂದ್ರಗಳನ್ನು ನೋಡುತ್ತ ವಯಸ್ಸು ಕಳೆದಿದೆ. ಇಲ್ಲಿ ಹೇಳುತ್ತಿರುವ ಮಾತುಗಳಲ್ಲಿ ಕೆಲವು ಆ ಅನುಭವದವು, ಕೆಲವು ನಿವೃತ್ತಿಯ ನಂತರ ಓದಿ ತಿಳಿದವು.

ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಬಲದಿಂದ ಮಂಡಳಿಗೆ ಈಗ ವರ್ಷಕ್ಕೆ 5,000 ಕೋಟಿ ರೂಪಾಯಿಯಷ್ಟು ಅನುದಾನ ಘೋಷಣೆಯಾಗುತ್ತಿದೆ. ಶಾಲಾ ಕೊಠಡಿಗಳು, ಅಂಗನವಾಡಿ ಕಟ್ಟಡಗಳು, ರಸ್ತೆಗಳು, ಆಸ್ಪತ್ರೆಗಳು ಅದರಿಂದ ಎದ್ದು ನಿಂತಿವೆ. ಮಂಡಳಿಯ ಶಿಕ್ಷಣ ಕಾರ್ಯಕ್ರಮವಾದ ಅಕ್ಷರ ಆವಿಷ್ಕಾರದ ಅಡಿಯಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತರಗತಿಗಳೂ ಆರಂಭವಾದವು. ಆಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದು ತಮ್ಮ ಕೇಂದ್ರಗಳು ಬರಿದಾಗುತ್ತವೆ ಎಂದು ಪ್ರತಿಭಟಿಸಿದ್ದು ತಮಗೆ ನೆನಪಿರಬಹುದು. ಆ ವಿವಾದದ ಸರಿತಪ್ಪನ್ನು ಇಲ್ಲಿ ಎತ್ತುವುದಿಲ್ಲ, ಏಕೆಂದರೆ ಎರಡೂ ಕಡೆಯವರು ಜಗಳವಾಡಿದ್ದು ಮೂರು ವರ್ಷ ದಾಟಿದ ಮಕ್ಕಳಿಗಾಗಿ. ಮೂರು ತುಂಬದ ಮಗುವಿಗೆ ಶಾಲೆಯಿಲ್ಲ, ತರಗತಿಯಿಲ್ಲ; ಅದಕ್ಕಿರುವುದು ಮನೆ ಮಾತ್ರ. ಆರು ವರ್ಷ ತುಂಬುವುದರೊಳಗೆ ಮಗುವಿನ ಮಿದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಭಾಗ ಮುಗಿದಿರುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಅದರಲ್ಲೂ ಅತ್ಯಂತ ವೇಗದ ಬೆಳವಣಿಗೆ ನಡೆಯುವ ಮೊದಲ ಮೂರು ವರ್ಷ, ಮನೆಗೆ ಪೌಷ್ಟಿಕ ಆಹಾರದ ಪೊಟ್ಟಣ ತಲುಪಿಸುವುದರಾಚೆ, ಹೆಚ್ಚುಕಡಿಮೆ ಸರ್ಕಾರದ ಕಣ್ಣಿಗೆ ಬೀಳದೆ ಕಳೆದುಹೋಗುತ್ತದೆ.

ಆಹಾರದ ಮಾತನ್ನು ಮೊದಲು ಸ್ಪಷ್ಟಪಡಿಸಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ವಾದವನ್ನು ತಪ್ಪಾಗಿ ತಿಳಿಯುವ ಸಂಭವವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಯಾದಗಿರಿಯಲ್ಲಿ ಅಂಥವರು ಅರ್ಧಕ್ಕಿಂತ ಹೆಚ್ಚು. ಇಂಥ ಜಿಲ್ಲೆಯಲ್ಲಿ ಹಾಲು, ಮೊಟ್ಟೆ, ಕಬ್ಬಿಣದ ಮಾತ್ರೆ ಯಾವುದನ್ನೂ ಒಂದು ಗುಲಗಂಜಿಯಷ್ಟು ಕಡಿಮೆ ಮಾಡಬಾರದು. ನಾನು ಕೇಳುತ್ತಿರುವುದು ಅದರ ಜೊತೆಗೆ ಇನ್ನೊಂದನ್ನು. ಆ ಇನ್ನೊಂದು ಏಕೆ ಬೇಕೆಂಬುದನ್ನು ಜಮೈಕಾದ ಒಂದು ಅಧ್ಯಯನ ತೋರಿಸಿಕೊಟ್ಟಿದೆ.

1986-87ರಲ್ಲಿ ಆ ದೇಶದ ರಾಜಧಾನಿ ಕಿಂಗ್‌ಸ್ಟನ್‌ನ ಬಡ ಬಡಾವಣೆಗಳಲ್ಲಿ 9ರಿಂದ 24 ತಿಂಗಳ, ಕುಂಠಿತ ಬೆಳವಣಿಗೆಯ 129 ಮಕ್ಕಳನ್ನು ಗುರುತಿಸಿದರು. ಕೆಲವು ಮಕ್ಕಳ ಮನೆಗೆ ಪ್ರತಿ ವಾರ ಪೌಷ್ಟಿಕ ಹಾಲಿನ ಪುಡಿ ಕೊಟ್ಟರು. ಕೆಲವರ ಮನೆಗೆ ನಮ್ಮ ಆಶಾ ಕಾರ್ಯಕರ್ತೆಯರಂಥ ಸ್ಥಳೀಯ ಆರೋಗ್ಯ ಸಹಾಯಕಿಯರು ವಾರಕ್ಕೊಮ್ಮೆ ಹೋಗಿ, ಒಂದು ಗಂಟೆ ಕುಳಿತು, ಮನೆಯ ಹಳೆಯ ಸಾಮಾನುಗಳಿಂದ ಮಾಡಿದ ಆಟಿಕೆಗಳನ್ನಿಟ್ಟುಕೊಂಡು ಮಗುವಿನೊಂದಿಗೆ ಹೇಗೆ ಆಡಬೇಕು, ಹೇಗೆ ಮಾತನಾಡಬೇಕು ಎಂಬುದನ್ನು ತಾಯಿಯಿಂದಲೇ ಮಾಡಿಸುತ್ತಿದ್ದರು. ಕೆಲವರಿಗೆ ಎರಡನ್ನೂ ಕೊಟ್ಟರು, ಉಳಿದವರಿಗೆ ಎರಡೂ ಇಲ್ಲ. ಎರಡು ವರ್ಷಕ್ಕೆ ಕಾರ್ಯಕ್ರಮ ಮುಗಿಯಿತು. ಇಪ್ಪತ್ತು ವರ್ಷಗಳ ನಂತರ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಆಟ-ಮಾತಿನ ನೆರವು ಪಡೆದ ಮನೆಗಳ ಮಕ್ಕಳು, ಅದು ಸಿಗದ ಮಕ್ಕಳಿಗಿಂತ ಸರಾಸರಿ ಶೇ 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. ಹಾಲಿನ ಪುಡಿ ಮಾತ್ರ ಪಡೆದವರಲ್ಲಿ ಅಂಥ ದೀರ್ಘಕಾಲದ ವ್ಯತ್ಯಾಸ ಕಾಣಲಿಲ್ಲ. ಮಗುವಿನ ಹೊಟ್ಟೆ ತುಂಬುವುದು ಅಗತ್ಯ. ಅಷ್ಟರಿಂದಲೇ ಅದರ ಬುದ್ಧಿ ತಾನಾಗಿ ಅರಳುತ್ತದೆ ಎಂದು ನಾವು ಇಷ್ಟು ವರ್ಷ ನಂಬಿಕೊಂಡು ಬಂದದ್ದು ಸಾಲದು ಎಂಬುದು ಇದರಿಂದ ತಿಳಿಯುತ್ತದೆ.

ಜಮೈಕಾ ಎಲ್ಲಿ, ಯಾದಗಿರಿ ಎಲ್ಲಿ ಎಂದು ಕೇಳುವವರಿಗೆ ಒಡಿಶಾದ ಉದಾಹರಣೆಯಿದೆ. ಅಲ್ಲಿನ ಹಳ್ಳಿಗಳಲ್ಲಿ ಇದೇ ಕ್ರಮವನ್ನು ಎರಡು ರೀತಿಯಲ್ಲಿ ಪ್ರಯೋಗಿಸಿದರು. ಕೆಲವು ಹಳ್ಳಿಗಳಲ್ಲಿ ಮನೆಮನೆಗೆ ಹೋದರು, ಕೆಲವು ಹಳ್ಳಿಗಳಲ್ಲಿ ತಾಯಂದಿರನ್ನು ಕೂಸುಗಳ ಸಮೇತ ಸಣ್ಣ ಗುಂಪುಗಳಲ್ಲಿ ಸೇರಿಸಿದರು. ನಡೆಸಿದವರು ಅದೇ ಊರುಗಳ ಹೆಣ್ಣುಮಕ್ಕಳು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮಕ್ಕಳ ಬುದ್ಧಿ ಮತ್ತು ಭಾಷೆಯ ಬೆಳವಣಿಗೆಗೆ ಎರಡೂ ಕ್ರಮಗಳಿಂದ ಅನುಕೂಲವಾಯಿತು, ಗುಂಪಿನ ಕ್ರಮದ ಖರ್ಚು ಮನೆಭೇಟಿಯ ಖರ್ಚಿಗಿಂತ ಬಹಳ ಕಡಿಮೆಯಿತ್ತು. ಸ್ತ್ರೀಶಕ್ತಿ ಸಂಘಗಳಲ್ಲಿ ವಾರಕ್ಕೊಮ್ಮೆ ಕೂಡಿ ಕೂರುವ ರೂಢಿ ಎರಡು ದಶಕಗಳಿಂದ ಇರುವ ನಮ್ಮ ಊರುಗಳಿಗೆ ಈ ಗುಂಪಿನ ಕ್ರಮ ಹೊಸದೆನಿಸಲಾರದು.

ಎಲ್ಲ ಕಡೆಯೂ ಫಲ ಒಂದೇ ಬಗೆಯದಾಗಿಲ್ಲ ಎಂಬುದನ್ನೂ ಹೇಳಬೇಕು. ಪೆರು ದೇಶ ಇದೇ ಮಾದರಿಯನ್ನು ದೇಶದ ಗ್ರಾಮೀಣ ಭಾಗಗಳಿಗೆಲ್ಲ ವಿಸ್ತರಿಸಿದಾಗ ಮಕ್ಕಳಿಗೆ ಪ್ರಯೋಜನವಾಯಿತಾದರೂ, ಅದು ಜಮೈಕಾದಲ್ಲಿ ಕಂಡಷ್ಟು ದೊಡ್ಡದಾಗಿರಲಿಲ್ಲ. ನೂರಿಪ್ಪತ್ತೊಂಬತ್ತು ಮಕ್ಕಳ ಮೇಲೆ ಇಡುವ ನಿಗಾ ಲಕ್ಷ ಮಕ್ಕಳ ಮೇಲೆ ಇಡುವುದು ಕಷ್ಟ. ಭೇಟಿ ತಪ್ಪುತ್ತದೆ, ತರಬೇತಿ ತೆಳುವಾಗುತ್ತದೆ, ಮೇಲ್ವಿಚಾರಣೆ ಕಾಗದಕ್ಕೆ ಇಳಿಯುತ್ತದೆ. ಆದ್ದರಿಂದಲೇ ಏಳೂ ಜಿಲ್ಲೆಗಳಲ್ಲಿ ಒಂದೇ ದಿನ ದೀಪ ಬೆಳಗಿಸಿ ಉದ್ಘಾಟಿಸುವ ಯೋಜನೆ ಬೇಡವೆಂದು ನನ್ನ ಮೊದಲ ಬಿನ್ನಹ.

ಕೇಂದ್ರ ಸರ್ಕಾರದ ಬಳಿ ಈ ಬಗೆಗೆ ಯೋಜನೆಯೇ ಇಲ್ಲವೆಂದಲ್ಲ. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ ‘ನವಚೇತನ’ ಎಂಬ ರಾಷ್ಟ್ರೀಯ ಚೌಕಟ್ಟನ್ನು 2024ರಲ್ಲಿ ಹೊರತಂದಿದ್ದಾರೆ. 36 ತಿಂಗಳ ಕ್ಯಾಲೆಂಡರ್, ಅದರಲ್ಲಿ 140 ಚಟುವಟಿಕೆಗಳು, ಎಲ್ಲವೂ ಚೆನ್ನಾಗಿವೆ. ಆಶಾ ಕಾರ್ಯಕರ್ತೆಯರು ಮೂರು, ಆರು, ಒಂಬತ್ತು, ಹನ್ನೆರಡು ಮತ್ತು ಹದಿನೈದನೆಯ ತಿಂಗಳಲ್ಲಿ ಮನೆಗೆ ಹೋಗಬೇಕೆಂಬ ಆದೇಶವೂ ಇದೆ. ತಾಯಿ ಕಾರ್ಡಿನಲ್ಲಿ ಮಗು ಯಾವ ತಿಂಗಳಲ್ಲಿ ನಗಬೇಕು, ಯಾವ ತಿಂಗಳಲ್ಲಿ ಹೆಸರು ಕೂಗಿದರೆ ತಿರುಗಬೇಕು ಎಂಬ ಚಿತ್ರಗಳ ಪುಟವೇ ಇದೆ. ನಾನು ಕಂಡ ಕಾರ್ಡುಗಳಲ್ಲಿ ತೂಕದ ಗೆರೆ ಎಳೆದಿರುತ್ತಿತ್ತು, ಚುಚ್ಚುಮದ್ದಿನ ತಾರೀಖು ಬರೆದಿರುತ್ತಿತ್ತು, ಈ ಪುಟ ಮಾತ್ರ ಬಹುತೇಕ ಖಾಲಿ. ಇದನ್ನು ಕಾರ್ಯಕರ್ತೆಯ ಸೋಮಾರಿತನ ಎನ್ನುವವರು ಒಂದು ದಿನ ಅವಳ ಜಾಗದಲ್ಲಿ ನಿಂತು ನೋಡಬೇಕು. ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ದಿನದ ಮಾಹಿತಿ ತುಂಬುವುದು, ಗರ್ಭಿಣಿ-ಬಾಣಂತಿಯರ ಮಾತೃಪೂರ್ಣ ಊಟ, ತೂಕ, ಸಮೀಕ್ಷೆ, ಮತದಾರರ ಪಟ್ಟಿ, ಇದರ ನಡುವೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಪಾಠ. ಇವೆಲ್ಲ ಮುಗಿದ ಮೇಲೆ ಹತ್ತು ತಿಂಗಳ ಕೂಸಿನ ಮನೆಯಲ್ಲಿ ಒಂದು ಗಂಟೆ ಕೂರಲು ಅವಳಿಗೆ ಗಂಟೆ ಎಲ್ಲಿಂದ ಬರಬೇಕು?

ಈ ಪತ್ರದ ಮುಖ್ಯ ಬೇಡಿಕೆ ಇಲ್ಲಿಯೇ ಇದೆ: ಮಂಡಳಿ ಆ ಗಂಟೆಯನ್ನು ಒದಗಿಸಬೇಕು. ಕಟ್ಟಡಕ್ಕೆ ಹಣ ಕೊಟ್ಟಂತೆಯೇ ಮನುಷ್ಯರ ಸಮಯಕ್ಕೂ ಹಣ ಕೊಡಬೇಕು. ನೆರೆಯ ತಮಿಳುನಾಡಿನಲ್ಲಿ ಅಂಗನವಾಡಿಗೆ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟು ನೋಡಿದರು. ಶಾಲಾಪೂರ್ವ ಕಲಿಕೆಗೆ ಸಿಗುವ ಸಮಯ ದುಪ್ಪಟ್ಟಾಯಿತು, ಮಕ್ಕಳ ಲೆಕ್ಕ ಮತ್ತು ಭಾಷೆ ಸುಧಾರಿಸಿತು. ಜೊತೆಗೆ ಮಕ್ಕಳ ಕುಂಠಿತ ಬೆಳವಣಿಗೆಯೂ ಇಳಿಯಿತು, ಏಕೆಂದರೆ ಮೊದಲಿನ ಕಾರ್ಯಕರ್ತೆಗೆ ಪೌಷ್ಟಿಕತೆಯ ಕೆಲಸಕ್ಕೆ ಬಿಡುವು ಸಿಕ್ಕಿತು. ನಮ್ಮ ಜಿಲ್ಲೆಯಲ್ಲಿಯೂ ಅದೇ ಊರಿನ, ಪಿಯುಸಿ ಮುಗಿಸಿದ ಒಬ್ಬ ಹೆಣ್ಣುಮಗಳನ್ನು ಪಾಲನಾ ಕಾರ್ಯಕರ್ತೆಯಾಗಿ ನೇಮಿಸಿ, ಮೂರು ವರ್ಷದೊಳಗಿನ ಮಕ್ಕಳ ಮನೆಗಳನ್ನು ಮಾತ್ರ ಅವಳಿಗೆ ಒಪ್ಪಿಸಬಹುದು. ಅವಳನ್ನು ಬೇರೆ ಯಾವ ಸಮೀಕ್ಷೆಗೂ ಎಳೆಯಬಾರದೆಂದು ಆದೇಶದಲ್ಲಿಯೇ ಬರೆದಿಡಬೇಕು. ಬರೆಯದಿದ್ದರೆ ಎಳೆಯುತ್ತಾರೆ.

ಅವಳು ಮಾಡಬೇಕಾದ ಕೆಲಸವೇನೆಂಬುದನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ‘ಪಾಲಕರ ಶಿಕ್ಷಣ’ ಎಂದೊಡನೆ ನಮ್ಮ ಅಧಿಕಾರಿಗಳ ಕಣ್ಣಮುಂದೆ ಬರುವುದು ಶಾಮಿಯಾನ, ಮೈಕು ಮತ್ತು ಭಾಷಣ. ಓಣಿಯ ಎಂಟು ಹತ್ತು ಮಂದಿ ತಾಯಂದಿರು ಹದಿನೈದು ದಿನಕ್ಕೊಮ್ಮೆ, ಕೆಲಸಕ್ಕೆ ಹೊತ್ತಾಗದ ವೇಳೆಯಲ್ಲಿ, ಯಾರದಾದರೂ ಪಡಸಾಲೆಯಲ್ಲಿ ಕೂಸುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಹೋದ ಸಲ ಹೇಳಿದ ಆಟವನ್ನು ಮನೆಯಲ್ಲಿ ಆಡಿದಿರಾ, ಕೂಸು ಏನು ಮಾಡಿತು ಎಂಬುದರಿಂದ ಮಾತು ಶುರುವಾಗುತ್ತದೆ. ಆಮೇಲೆ ಒಂದು ಹೊಸ ಆಟ: ಎಂಟು ತಿಂಗಳ ಮಗುವಿಗೆ ಬಟ್ಟೆಯ ಕೆಳಗೆ ಬಟ್ಟಲು ಮುಚ್ಚಿಟ್ಟು ಹುಡುಕಿಸುವುದು, ಒಂದೂವರೆ ವರ್ಷದ್ದಕ್ಕೆ ಡಬ್ಬಿಯೊಳಗೆ ಗೋಲಿಗಿಂತ ದೊಡ್ಡದಾದ ಏನನ್ನಾದರೂ ಹಾಕಿ ತೆಗೆಸುವುದು, ಎರಡು ದಾಟಿದ್ದಕ್ಕೆ ರೊಟ್ಟಿ ಬಡಿಯುವಾಗ ಹಿಟ್ಟಿನ ಸಣ್ಣ ಉಂಡೆ ಕೊಟ್ಟು ‘ದೊಡ್ಡದು ಯಾವುದು, ಸಣ್ಣದು ಯಾವುದು’ ಎಂದು ಕೇಳುವುದು. ಕಾರ್ಯಕರ್ತೆ ಒಮ್ಮೆ ತೋರಿಸುತ್ತಾಳೆ. ಉಳಿದ ಹೊತ್ತು ತಾಯಿಯೇ ಆಡಿಸುತ್ತಾಳೆ. ತಾಯಿ ಚೆನ್ನಾಗಿ ಮಾಡಿದ್ದನ್ನು ಕಾರ್ಯಕರ್ತೆ ಎಲ್ಲರೆದುರು ಗುರುತಿಸಿ ಹೇಳುತ್ತಾಳೆ. ಕೊನೆಗೆ ಯಾರಿಗಾದರೂ ಇರುವ ಒಂದು ತೊಂದರೆ, ಕೂಸು ಉಣ್ಣುವುದಿಲ್ಲ, ರಾತ್ರಿ ಮಲಗುವುದಿಲ್ಲ, ಮೊಬೈಲ್ ಕೊಡದಿದ್ದರೆ ನೆಲಕ್ಕೆ ಬಿದ್ದು ಹೊರಳುತ್ತದೆ ಎಂಬಂಥದ್ದು, ಎಲ್ಲರೂ ಸೇರಿ ಮಾತಾಡಿಕೊಳ್ಳುತ್ತಾರೆ. ಕೆಲಸ ಇಷ್ಟೇ. ಇಷ್ಟನ್ನೇ ತಪ್ಪದೆ ಎರಡು ವರ್ಷ ಮಾಡುವುದು ಮಾತ್ರ ಸುಲಭವಲ್ಲ.

ಇದಕ್ಕೆ ಬೇಕಾದ ಸಾಮಗ್ರಿಯನ್ನು ಟೆಂಡರ್ ಕರೆದು ಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಪ್ಲಾಸ್ಟಿಕ್ ಆಟಿಕೆಯ ಪೆಟ್ಟಿಗೆಗಳು ಕೇಂದ್ರದ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತದ್ದನ್ನು ಸಾಕಷ್ಟು ನೋಡಿದ್ದೇನೆ. ಮಕ್ಕಳು ಮುರಿದರೆ ಲೆಕ್ಕ ಕೊಡಬೇಕಾಗುತ್ತದೆ ಎಂಬ ಹೆದರಿಕೆ. ನಮ್ಮ ಸೀಮೆಯಲ್ಲಿ ಜೋಳದ ದಂಟಿನ ಬೆಂಡಿನಿಂದ ಬಂಡಿ ಮಾಡುವ ಅಜ್ಜಂದಿರು ಇನ್ನೂ ಇದ್ದಾರೆ, ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಎತ್ತು ಮಾಡುವ ಕೈಗಳಿವೆ, ಹಳೆಯ ಸೀರೆಯ ತುಂಡಿನಲ್ಲಿ ಗೊಂಬೆ ಹೊಲಿಯುವ ಲಂಬಾಣಿ ಹೆಣ್ಣುಮಕ್ಕಳಿದ್ದಾರೆ. ಮನೆಯಲ್ಲಿ ಮಾಡಿದ್ದು ಮುರಿದರೆ ಇನ್ನೊಂದನ್ನು ಮಾಡಿಕೊಳ್ಳಬಹುದು.

ಈಗ ಅತ್ಯಂತ ಸೂಕ್ಷ್ಮವಾದ ಮಾತಿಗೆ ಬರುತ್ತೇನೆ. ಇಂಥ ಕಾರ್ಯಕ್ರಮ ಬಡವರಿಗೆ ಮಕ್ಕಳನ್ನು ಸಾಕಲು ಬರುವುದಿಲ್ಲ ಎಂಬ ತೀರ್ಪಿನಂತೆ ಊರೊಳಗೆ ಕಾಲಿಟ್ಟರೆ, ಮೊದಲ ತಿಂಗಳಲ್ಲಿಯೇ ಸಾಯುತ್ತದೆ, ಸಾಯುವುದೇ ನ್ಯಾಯ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ಮಹಿಳೆಯರದು ಅದಕ್ಕಿಂತಲೂ ಹತ್ತು ಅಂಶ ಕಡಿಮೆ. ಓದು ಬಾರದ ತಾಯಿಗೆ ಮಗುವಿನೊಂದಿಗೆ ಮಾತನಾಡಲು ಬರುವುದಿಲ್ಲವೆಂದು ಯಾರೂ ತಿಳಿಯಬಾರದು. ಜೋಗುಳ ಹಾಡುವುದು, ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರೆರೆಯುತ್ತ ಮಾತಾಡಿಸುವುದು, ಚಂದಪ್ಪನನ್ನು ತೋರಿಸಿ ತುತ್ತು ಉಣ್ಣಿಸುವುದು, ಇವನ್ನೆಲ್ಲ ನಮ್ಮ ಅವ್ವಂದಿರಿಗೆ ಯಾವ ಚೌಕಟ್ಟೂ ಕಲಿಸಲಿಲ್ಲ. ಆದರೆ ಬೆಳಗಿನ ಏಳಕ್ಕೆ ಹತ್ತಿ ಬಿಡಿಸಲು ಹೋಗಿ ಸಂಜೆ ಬೆನ್ನು ನೆಟ್ಟಗಾಗದೆ ಬರುವ ಹೆಂಗಸಿಗೆ ಇವುಗಳಿಗೆ ಬಿಡುವು ಉಳಿದಿಲ್ಲ. ಹಿಂದೆ ಒಂದೇ ಮನೆಯಲ್ಲಿದ್ದ ನಾಲ್ಕಾರು ಹೆಂಗಸರ ಕೈಗಳು ಈಗ ಬೇರೆ ಬೇರೆ ಊರುಗಳಲ್ಲಿವೆ. “ಕೂಸಿನ ಕೂಡ ಏನ್ ಮಾತಾಡಬೇಕ್ರಿ ಮೇಡಂ, ಅದಕ್ಕೇನ್ ತಿಳೀತದ?” ಎಂದು ನನ್ನನ್ನು ಕೇಳಿದ ತಾಯಂದಿರು ಬಹಳ. ಮಾತು ಬಾರದ ಕೂಸಿಗೂ ಮಾತು ಬೇಕು, ಅದು ಉಲಿದಾಗ ನಾವು ಮರುಮಾತು ಕೊಡುವುದರಿಂದಲೇ ಅದರ ಮಾತು ಹುಟ್ಟುತ್ತದೆ ಎಂಬ ಒಂದು ತಿಳಿವಳಿಕೆ ಸಿಕ್ಕರೆ ಸಾಕು, ಉಳಿದದ್ದು ಅವರ ಬಳಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2018ರಲ್ಲಿ ಪ್ರಕಟಿಸಿದ ಪೋಷಕ ಆರೈಕೆಯ ಚೌಕಟ್ಟಿನಲ್ಲಿ ಆರೋಗ್ಯ, ಆಹಾರ, ಸುರಕ್ಷತೆ, ಕಲಿಕೆಯ ಅವಕಾಶಗಳ ಸಾಲಿನಲ್ಲಿ, ಮಗುವಿನ ಸನ್ನೆಗೆ ಓಗೊಡುವ ಆರೈಕೆಯನ್ನೂ ಸರಿಸಮನಾಗಿ ಇಟ್ಟಿರುವುದು ಇದೇ ಕಾರಣಕ್ಕೆ.

ತಾಯಿಯ ಮನಸ್ಸು ನೆಟ್ಟಗಿಲ್ಲದಿದ್ದರೆ ಓಗೊಡುವುದಾದರೂ ಹೇಗೆ? ಹೆರಿಗೆಯ ನಂತರ ಮಂಕು ಕವಿದ ಹೆಂಗಸನ್ನು ನಮ್ಮಲ್ಲಿ ಗಾಳಿ ಸೋಕಿದೆ ಎಂದೋ ಸೋಮಾರಿಯೆಂದೋ ಕಡೆಗಣಿಸುತ್ತಾರೆ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಾಡಿನಲ್ಲಿ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಖಿನ್ನತೆಯ ತಾಯಂದಿರೊಂದಿಗೆ ಮನೆಗೆ ಹೋಗಿ ಕ್ರಮಬದ್ಧವಾಗಿ ಮಾತನಾಡಿಸಿದಾಗ, ಅಂಥ ಮಾತುಕತೆ ಸಿಗದವರಿಗೆ ಹೋಲಿಸಿದರೆ ಖಿನ್ನತೆ ಉಳಿದವರ ಪ್ರಮಾಣ ಅರ್ಧಕ್ಕಿಂತ ಕಡಿಮೆಯಿತ್ತು ಎಂದು 2008ರಲ್ಲಿಯೇ ವರದಿಯಾಗಿದೆ. ಮನೋವೈದ್ಯರು ಜಿಲ್ಲಾ ಕೇಂದ್ರದಲ್ಲಿ ಸಿಗುವುದೇ ಕಷ್ಟವಿರುವ ನಮ್ಮ ಭಾಗಕ್ಕೆ ಈ ಉದಾಹರಣೆ ಬಹಳ ಬೆಲೆಯುಳ್ಳದ್ದು. ಪಾಲನಾ ಕಾರ್ಯಕರ್ತೆಯ ತರಬೇತಿಯಲ್ಲಿ ಇದು ಸೇರಲೇಬೇಕು.

ಪಾಲಕರೆಂದರೆ ತಾಯಿ ಎಂದಷ್ಟೇ ಹಿಡಿದರೆ ನಮ್ಮ ಜಿಲ್ಲೆಯಲ್ಲಿ ಲೆಕ್ಕ ತಪ್ಪುತ್ತದೆ. ಸುಗ್ಗಿ ಮುಗಿಯುತ್ತಲೇ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೊರಡುವ ಮನೆಗಳಲ್ಲಿ ಮಕ್ಕಳು ಆಯಿ-ಮುತ್ಯಾರ, ಅಂದರೆ ಅಜ್ಜಿ-ಅಜ್ಜರ, ಬಳಿ ಉಳಿಯುತ್ತಾರೆ. ಇಲ್ಲವೇ ತಾಯಿಯ ಜೊತೆ ಹೋಗಿ ಕಟ್ಟಡದ ಮರಳಿನ ರಾಶಿಯ ಪಕ್ಕದಲ್ಲಿ ಬೆಳೆಯುತ್ತಾರೆ. ಮೊದಲನೆಯ ಗುಂಪಿಗೆ ಆಯಿಯೇ ಪಾಲಕಿ. ಗುಂಪಿನ ಸಭೆಗೆ ಅವಳನ್ನು ಹೆಸರು ಹಿಡಿದು ಕರೆಯಬೇಕು, ಹಾಜರಾತಿಯಲ್ಲಿ ಅವಳ ಹೆಸರೇ ಇರಬೇಕು. ನಾನು ಕಂಡಂತೆ ಹಾಡು, ಕಥೆ, ಒಗಟುಗಳಲ್ಲಿ ಅವಳಿಗೆ ಸಮನಾದವರು ಆ ಗುಂಪಿನಲ್ಲಿ ಇರುವುದಿಲ್ಲ, ಹಳೆಯ ಪದ್ಧತಿಯಲ್ಲಿ ಬಿಡಬೇಕಾದದ್ದೇನಾದರೂ ಇದ್ದರೆ ಅವಳೇ ಒಪ್ಪಿದ ಮೇಲೆ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ. ಗುಳೆ ಹೋಗುವ ಕುಟುಂಬಗಳಿಗೆ ಹೊರಡುವ ಮುನ್ನವೇ ಒಂದೆರಡು ತಿಂಗಳ ಆಟಗಳನ್ನು ಒಟ್ಟಿಗೆ ಕಲಿಸಿ, ಫೋನಿನಲ್ಲಿ ಧ್ವನಿ ಸಂದೇಶವಾಗಿ ಮುಂದುವರಿಸಬಹುದು. ಬರೆದ ಸಂದೇಶ ಓದಲಾಗದವರಿಗೂ ಧ್ವನಿ ಕೇಳಲು ಬರುತ್ತದೆ. ಪೋಷಣ್ ಟ್ರ್ಯಾಕರ್‌ನಲ್ಲಿ ವಲಸೆ ಹೋದ ಮಗುವನ್ನು ಬೇರೆ ಊರಿನ ಅಂಗನವಾಡಿಗೆ ವರ್ಗಾಯಿಸುವ ಅವಕಾಶವಿದೆ. ಅದನ್ನು ತಾಯಿಗೆ ತಿಳಿಸುವವರು ಬೇಕು.

ಅಪ್ಪಂದಿರು ಈ ಮಾತಿನಿಂದ ಹೊರಗುಳಿಯುವುದನ್ನು ನಾನು ಒಪ್ಪುವುದಿಲ್ಲ. ಅಂಗನವಾಡಿಗೆ ಬನ್ನಿ ಎಂದರೆ ಅವರು ಬರುವುದಿಲ್ಲ, ಅದು ಹೆಂಗಸರ ಜಾಗವೆಂಬ ಸಂಕೋಚ. ಸಂಜೆ ಊರ ಕಟ್ಟೆಗೆ, ಚಹಾದ ಹೋಟೆಲಿಗೆ, ಉದ್ಯೋಗ ಖಾತರಿಯ ಕೆಲಸ ನಡೆಯುವ ಜಾಗಕ್ಕೆ ಕಾರ್ಯಕ್ರಮವೇ ಹೋಗಬೇಕು, ಮಾತನಾಡುವವನು ಗಂಡಸೇ ಆಗಿರಬೇಕು. ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಆರಂಭಿಸಿದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಕ್ಕೆ ಮಗುವನ್ನು ಬಿಟ್ಟು ಒಯ್ಯುವ ಹೊತ್ತಿನಲ್ಲಿ ಅಪ್ಪ-ಅವ್ವ ಇಬ್ಬರೂ ಸಿಗುತ್ತಾರೆ, ಐದು ನಿಮಿಷದ ಒಂದು ಆಟ ತೋರಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಾಗೆಯೇ ಅಂಗನವಾಡಿಗಳಲ್ಲಿ ಈಗ ನಡೆಯುವ ಸೀಮಂತ, ಅಂದರೆ ನಮ್ಮ ಕಡೆಯ ಕುಬುಸದ ಕಾರ್ಯ, ಮತ್ತು ಅನ್ನಪ್ರಾಶನದ ದಿನ ಗಂಡನಿಗೂ ಬರಹೇಳುವ ಪದ್ಧತಿ ಹಾಕಿಕೊಡಬಹುದು. ಊಟವಿರುವಲ್ಲಿಗೆ ಗಂಡಸರು ಬರುತ್ತಾರೆ, ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಹೊಡೆತದ ವಿಷಯ. “ಹೊಡಿಲಿಲ್ಲಂದ್ರ ಮಾತ್ ಕೇಳಂಗಿಲ್ರಿ” ಎಂಬುದು ಮನೆಯಲ್ಲೂ ಶಾಲೆಯಲ್ಲೂ ಒಂದೇ ವಾದ. ಶಾಲೆಯಲ್ಲಿ ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಮನೆಯಲ್ಲಿ ಹೊಡೆಯುವುದಕ್ಕೆ ಬದಲಾಗಿ ಏನು ಮಾಡಬೇಕೆಂದು ತಂದೆ-ತಾಯಿಗೆ ಯಾರೂ ಹೇಳಿಕೊಟ್ಟಿಲ್ಲ. ನೂರಾರು ಪ್ರಯೋಗಗಳನ್ನು ಪರಿಶೀಲಿಸಿ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ, ಮಕ್ಕಳ ಮೇಲಿನ ಹಿಂಸೆ ತಡೆಯಲು ಮತ್ತು ತಂದೆ-ತಾಯಿ ಹಾಗೂ ಮಕ್ಕಳ ಬಾಂಧವ್ಯ ಸುಧಾರಿಸಲು ಪಾಲಕರಿಗೆ ಇಂಥ ಕಾರ್ಯಕ್ರಮಗಳನ್ನು ಒದಗಿಸಬೇಕೆಂದು ಶಿಫಾರಸು ಮಾಡಿದೆ. ಹದಿನೇಳು ವರ್ಷದವರೆಗಿನ ಮಕ್ಕಳ ಪಾಲಕರೂ ಅದರ ವ್ಯಾಪ್ತಿಯಲ್ಲಿ ಬರುತ್ತಾರೆ. ಅಲ್ಲಿ ಕಲಿಸುವುದು ಮಂತ್ರವಿದ್ಯೆಯನ್ನಲ್ಲ. ಮಗು ಒಳ್ಳೆಯದು ಮಾಡಿದಾಗ ಕೂಡಲೇ ಹೇಳುವುದು, ‘ಓಡಬೇಡ’ ಎನ್ನುವುದರ ಬದಲು ‘ನನ್ನ ಕೈ ಹಿಡಿದು ನಡಿ’ ಎಂದು ಮಾಡಬೇಕಾದದ್ದನ್ನೇ ಹೇಳುವುದು, ಸಣ್ಣ ಹಟವನ್ನು ಕಂಡರೂ ಕಾಣದಂತಿರುವುದು, ಇವತ್ತು ಬೇಡವೆಂದದ್ದನ್ನು ಅಳುವಿಗೆ ಸೋತು ನಾಳೆ ಕೊಡದಿರುವುದು, ತನಗೇ ಸಿಟ್ಟು ನೆತ್ತಿಗೇರಿದಾಗ ಎರಡು ನಿಮಿಷ ಆಚೆ ಹೋಗಿ ನಿಲ್ಲುವುದು. ಹೊಡೆತ ಕ್ಷಣಕ್ಕೆ ಸುಮ್ಮನಾಗಿಸುತ್ತದೆ, ಆದ್ದರಿಂದ ಫಲಿಸಿದಂತೆ ತೋರುತ್ತದೆ. ಮಗು ಅದರಿಂದ ಕಲಿಯುವುದು ಹೆದರಿಕೆಯನ್ನೂ ಸುಳ್ಳನ್ನೂ. ಮಗಳ ಮದುವೆಯನ್ನು ಹದಿನಾರಕ್ಕೇ ಗೊತ್ತುಮಾಡುವ ಮನೆಗಳಲ್ಲಿ, ಅವಳು ಬಾಯಿಬಿಟ್ಟು ಬೇಡವೆನ್ನಬಲ್ಲಳೇ ಎಂಬುದು ಅವಳು ನಾಲ್ಕು ವರ್ಷದವಳಿದ್ದಾಗ ಅವಳ ಮಾತನ್ನು ಆ ಮನೆ ಕೇಳಿತ್ತೇ ಎಂಬುದರ ಮೇಲೂ ನಿಂತಿರುತ್ತದೆ ಎಂಬುದು ನನ್ನ ಅನುಭವದ ಅಭಿಪ್ರಾಯ.

ಭಾಷೆಯನ್ನು ಮರೆಯಬಾರದು. ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪಟ್ಟಣದ ಮೊಹಲ್ಲಾಗಳಲ್ಲಿ ಉರ್ದು. ಬೀದರಿಗೆ ಹೋದರೆ ಮರಾಠಿ. ಕಾರ್ಯಕರ್ತೆ ಆ ಓಣಿಯ ಮಾತಿನವಳೇ ಆಗಿರಬೇಕು. ಬೆಂಗಳೂರಿನಲ್ಲಿ ಅಚ್ಚಾದ ಗ್ರಾಂಥಿಕ ಕನ್ನಡದ ಕೈಪಿಡಿಯನ್ನು ತಾಂಡಾದ ಕಟ್ಟೆಯ ಮೇಲೆ ಓದಿ ಹೇಳುವುದರಿಂದ ಪ್ರಯೋಜನವಿಲ್ಲ. ಮಗುವಿಗೆ ಮನೆಮಾತಿನಲ್ಲಿ ಪದಸಂಪತ್ತು ಬೆಳೆದರೆ ಮುಂದೆ ಶಾಲೆಯ ಕನ್ನಡಕ್ಕೂ ಅದೇ ಬುನಾದಿ.

ಮಂಡಳಿ ಕೈಗೊಳ್ಳಬಹುದಾದ ಕ್ರಮ ಹೀಗಿರಬಹುದು. ಯಾದಗಿರಿ, ಶಹಾಪುರ, ಸುರಪುರ, ಗುರುಮಠಕಲ್, ಹುಣಸಗಿ, ವಡಗೇರಾ ಈ ಆರು ತಾಲ್ಲೂಕುಗಳಲ್ಲಿ ತಲಾ ಒಂದು ಅಂಗನವಾಡಿ ವಲಯವನ್ನು ಮಾತ್ರ ಆಯ್ದು, ಎರಡು ವರ್ಷ ನಡೆಸಬೇಕು. ತರಬೇತಿ ಆರಂಭದ ಒಂದು ವಾರಕ್ಕೆ ಮುಗಿಯದೆ ತಿಂಗಳಿಗೊಂದು ದಿನ ಮುಂದುವರಿಯಬೇಕು. ಪ್ರತಿ ಹತ್ತು ಹನ್ನೆರಡು ಕಾರ್ಯಕರ್ತೆಯರಿಗೆ ಒಬ್ಬ ಮಾರ್ಗದರ್ಶಕಿ ಇರಬೇಕು. ರಿಜಿಸ್ಟರ್ ತಿರುವಿಹಾಕಿ ಸಹಿ ಹಾಕುವುದು ಅವಳ ಕೆಲಸವಾಗಬಾರದು, ಸಭೆಯಲ್ಲಿ ಹಿಂದೆ ಕೂತು ನೋಡಿ ಆಮೇಲೆ ತಿದ್ದಬೇಕು. ಮೇಲ್ವಿಚಾರಕಿಯಾಗಿ ರಿಜಿಸ್ಟರುಗಳಿಗೆ ನಾನು ಹಾಕಿದ ಸಹಿಗಳಿಂದ ಯಾವ ಮಗುವೂ ಒಂದು ಮಾತನ್ನು ಹೆಚ್ಚು ಕಲಿತದ್ದಿಲ್ಲ ಎಂಬುದನ್ನು ಬಲ್ಲೆನಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಆರಂಭದಲ್ಲಿ ಮತ್ತು ಕೊನೆಯಲ್ಲಿ ಮಕ್ಕಳ ಮಾತು, ಆಟ, ಕೈಕಾಲಿನ ಚಲನೆಗಳನ್ನು ಅಳೆಯಬೇಕು, ಕಾರ್ಯಕ್ರಮವಿಲ್ಲದ ಅಕ್ಕಪಕ್ಕದ ವಲಯದ ಮಕ್ಕಳೊಂದಿಗೆ ಹೋಲಿಸಬೇಕು. ಅಳೆಯುವ ಕೆಲಸವನ್ನು ನಡೆಸುವವರಿಗೇ ಕೊಡದೆ ಬೇರೆಯವರಿಗೆ ಒಪ್ಪಿಸಬೇಕು. ಕಲಬುರಗಿಯಲ್ಲಿ ವಿಶ್ವವಿದ್ಯಾಲಯಗಳಿಗೆ ಕೊರತೆಯಿಲ್ಲ. ಕಿವಿ ಕೇಳದ, ದೃಷ್ಟಿದೋಷವಿರುವ, ಬೆಳವಣಿಗೆ ನಿಧಾನವಾದ ಮಕ್ಕಳು ಈ ಗುಂಪುಗಳಲ್ಲಿ ಬೇಗನೆ ಕಣ್ಣಿಗೆ ಬೀಳುತ್ತಾರಾದ್ದರಿಂದ, ಅವರನ್ನು ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತಲುಪಿಸುವ ವ್ಯವಸ್ಥೆ ಮೊದಲ ದಿನದಿಂದಲೇ ಇರಲಿ.

ಎರಡು ವರ್ಷದ ನಂತರ ಫಲ ಕಾಣದಿದ್ದರೆ ನಿಲ್ಲಿಸಿ, ಅಥವಾ ಬದಲಿಸಿ. ಕಂಡರೆ ಬೀದರ್, ಕಲಬುರಗಿ, ರಾಯಚೂರು ಎಂದು ಹಂತ ಹಂತವಾಗಿ ಹೋಗಿ. ನಮ್ಮ ಭಾಗದಲ್ಲಿ ಆರಂಭವಾದದ್ದು ರಾಜ್ಯಕ್ಕೆ ಹರಡುವುದು ಹೊಸತೇನೂ ಅಲ್ಲ. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ಕ್ರಮ 2021ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಗಳಲ್ಲಿಯೇ ಮೊದಲಾಯಿತು, ಮಕ್ಕಳ ಮೈಮೇಲೆ ಅದರ ಗುಣ ಕಂಡ ಮೇಲೆ ಮರುವರ್ಷ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹೋಯಿತು. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಕರ್ನಾಟಕದಿಂದ ಸೇರಿಸಿದ ಎರಡೇ ಜಿಲ್ಲೆಗಳಲ್ಲಿ ಯಾದಗಿರಿ ಒಂದು. ಇಲ್ಲಿಂದ ಶುರುಮಾಡಲು ಬೇರೆ ಸಮರ್ಥನೆ ಬೇಕಿಲ್ಲ.

ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದೂ, ಅದರ ಬಗ್ಗೆ ತೆಗೆದುಕೊಂಡ ತೀರ್ಮಾನವನ್ನು, ಒಪ್ಪಿದರೂ ಒಪ್ಪದಿದ್ದರೂ ಕಾರಣ ಸಹಿತ, ಪ್ರಕಟಿಸಬೇಕೆಂದೂ ವಿನಂತಿಸುತ್ತೇನೆ. ಗುಳೆ ಹೊರಡುವ ಕುಟುಂಬಗಳು ಊರಲ್ಲಿರುವ ಮಳೆಗಾಲದಲ್ಲಿಯೇ ಮನೆಗಳ ಪಟ್ಟಿ ಆಗಬೇಕಾದ್ದರಿಂದ ತೀರ್ಮಾನ ಅದಕ್ಕೆ ಮುಂಚೆ ಬರುವುದು ಒಳಿತು. ಕಾರ್ಯಕರ್ತೆಯರ ತರಬೇತಿಗೆ, ಆಟಗಳನ್ನು ನಮ್ಮ ಕಡೆಯ ಮಾತಿಗೆ ಒಗ್ಗಿಸುವುದಕ್ಕೆ ನನ್ನಂಥ ನಿವೃತ್ತರು ಸಂಭಾವನೆಯಿಲ್ಲದೆ ಬರಲು ಸಿದ್ಧರಿದ್ದೇವೆ. ಬಸ್ಸಿನ ಖರ್ಚನ್ನೂ ಮಂಡಳಿ ಕೊಡಬೇಕಿಲ್ಲ, ಈಗ ಹೆಂಗಸರಿಗೆ ಅದು ಉಚಿತವೇ ಇದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ,
ಶಹಾಪುರ, ಯಾದಗಿರಿ ಜಿಲ್ಲೆ.

ಪ್ರತಿ: ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಯಾದಗಿರಿ, ಉಪನಿರ್ದೇಶಕರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಯಾದಗಿರಿ.